ಮಾವನ ಮಾತ್ರೆ, ಟೊಮ್ಯಾಟೊ ಸಸಿ

ಮಾವ ಏನೋ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನ ನನಗೆ ಮೊದಲು ಬಂದದ್ದು ಕಸದ ಬುಟ್ಟಿ ನೋಡಿದಾಗ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ಮೇಲೆ ಅವರು ದಿನಕ್ಕೊಂದು ಆಸ್ಪಿರಿನ್ ಮಾತ್ರೆ ನುಂಗಬೇಕಿತ್ತು, ಒಂದೇ. ಆ ದಿನ ಬುಟ್ಟಿಯಲ್ಲಿ ಮಾತ್ರೆಯ ನಾಲ್ಕು ಖಾಲಿ ಪಟ್ಟಿಗಳಿದ್ದವು.

"ಹಳೇವು ಕಣಮ್ಮ" ಅಂದರು. ಬುಟ್ಟಿಯನ್ನು ಹಿಂದಿನ ದಿನ ನಾನೇ ತೊಳೆದಿಟ್ಟಿದ್ದೆ.

ಗಂಡನಿಗೆ ಹೇಳಲಿಲ್ಲ. ಹೇಳಿದ್ದರೆ ಅಪ್ಪ ಮಗ ಮಾತು ಬಿಡುತ್ತಿದ್ದರು. ಪೆರೇಸಂದ್ರದಲ್ಲಿ ಬಸ್ಸು ಹತ್ತಿ ಚಿಕ್ಕಬಳ್ಳಾಪುರಕ್ಕೆ ಹೋಗಿ, ನಾವು ಔಷಧಿ ತರುವ ಅಂಗಡಿಯ ಸಾಹೇಬರನ್ನು ವಿಚಾರಿಸಿದೆ.

"ದೊಡ್ಡ ಡೋಸಿಂದೇ ಕೇಳಿ ತಗೊಂಡ್ರಮ್ಮ. ಮನೇಲಿ ಯಾರ್ಗೋ ತಲೆನೋವು ಅಂದ್ರು."

ಮನೆಯಲ್ಲಿ ಯಾರಿಗೂ ತಲೆನೋವಿರಲಿಲ್ಲ. ಎದೆನೋವು ಮತ್ತೆ ಬಂದಿದೆ, ನಮಗೆ ತಿಳಿಸದೆ ತಾವೇ ಹೆಚ್ಚು ನುಂಗುತ್ತಿದ್ದಾರೆ ಎಂದುಕೊಂಡೆ. ಎರಡು ದಿನ ಅವರ ಮೇಲೆಯೇ ಕಣ್ಣಿಟ್ಟೆ. ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆಯೇ, ಕೈ ಎದೆಯ ಕಡೆ ಹೋಗುತ್ತದೆಯೇ ಎಂದು ನೋಡಿದೆ. ಏನೂ ಕಾಣಲಿಲ್ಲ. ಅದರಿಂದ ಅನುಮಾನ ಇನ್ನೂ ಹೆಚ್ಚಾಯಿತು.

ಮೂರನೇ ದಿನ ಬೆಳಿಗ್ಗೆ ಅವರು ಚೀಲ ಹಿಡಿದು ತೋಟಕ್ಕೆ ಹೊರಟರು. ಸ್ವಲ್ಪ ಹೊತ್ತು ಬಿಟ್ಟು ನಾನೂ ಹೋದೆ. ನೆರಳು ಪರದೆಯ ಕೆಳಗೆ ಬೆಳೆಸಿದ ಟೊಮ್ಯಾಟೊ ಸಸಿಗಳ ಟ್ರೇಗಳನ್ನು ಆ ವಾರವಷ್ಟೇ ಹೊರಗಿಟ್ಟಿದ್ದೆವು. ಮಾವ ಕಲ್ಲಿನ ಮೇಲೆ ಮಾತ್ರೆ ಪುಡಿಮಾಡಿ, ಬಕೆಟ್ಟಿನ ನೀರಿಗೆ ಕಲಸಿ, ಬಟ್ಟೆಯಲ್ಲಿ ಸೋಸಿ ಸ್ಪ್ರೇಯರಿಗೆ ಸುರಿಯುತ್ತಿದ್ದರು.

"ಏನ್ ಮಾವ ಇದು?"

ಬೆಚ್ಚಿದರು. "ಗಿಡಕ್ಕೆ ಕಣಮ್ಮ."

"ಗಿಡಕ್ಕೆ ತಲೆನೋವಾ?"

"ಚಿಂತಾಮಣೀಲಿ ರೈತರ ತರಬೇತಿಗೆ ಹೋಗಿದ್ನಲ್ಲ, ಅಲ್ಲಿ ಹೇಳಿದ್ರು. ನೆರಳಲ್ಲಿ ಬೆಳೆದ ಸಸಿ ಹೊರಗಿಟ್ರೆ ಬಿಸಿಲಲ್ಲಿರೋ ನೇರಳಾತೀತ ಕಿರಣ ಎಲೆ ಸುಡುತ್ತಂತೆ. ಅದನ್ನ ತಡಕೊಳ್ಳಕ್ಕೆ ಗಿಡಾನೇ ಒಂದು ಹಾರ್ಮೋನು ಮಾಡ್ಕೊಳ್ಳುತ್ತಂತೆ. ನನ್ನ ಮಾತ್ರೇನೂ ಅದರ ಜಾತೀದೇ ಅಂತೆ."

ನಾನು ನಂಬಲಿಲ್ಲ. ಜೇಬಿನಿಂದ ಅವರ ಸ್ವಂತ ಮಾತ್ರೆಯ ಪಟ್ಟಿ ತೆಗೆಸಿ ನೋಡಿದೆ. ಲೆಕ್ಕ ಸರಿಯಾಗಿತ್ತು. ಆದರೂ ಸಮಾಧಾನವಾಗದೆ, ತರಬೇತಿ ಕೊಟ್ಟ ಮೇಡಂ ನಂಬರನ್ನು ಮಾವನಿಂದಲೇ ಪಡೆದು, ಅವರಿಗೂ ಕೇಳುವಂತೆ ಸ್ಪೀಕರ್ ಹಾಕಿ ಅಲ್ಲಿಂದಲೇ ಫೋನ್ ಮಾಡಿದೆ.

"ಅವ್ರು ಹೇಳ್ತಿರೋದು ಸ್ಯಾಲಿಸಿಲಿಕ್ ಆಮ್ಲ" ಅಂದರು. "ಗಿಡದ ಹಾರ್ಮೋನೇ. ಕಿರಣ ಜಾಸ್ತಿ ಬಿದ್ದಾಗ ಎಲೇನ ಎಚ್ಚರಿಸೋದ್ರಲ್ಲಿ ಅದೂ ಒಂದು. ಆಮೇಲೆ ಎಲೆ ತನ್ನ ಮೇಲ್ಪದರದಲ್ಲಿ ಕಿರಣ ಹೀರೋ ವಸ್ತು ತುಂಬ್ಕೊಳ್ಳುತ್ತೆ. ಆದ್ರೆ ಮಾತ್ರೆ ಅರೆದು ಹೊಡೀರಿ ಅಂತ ನಾನು ಹೇಳಿಲ್ಲಮ್ಮ. ಜಾಸ್ತಿಯಾದ್ರೆ ಅದೇ ಎಲೇನ ಸುಡುತ್ತೆ."

ಮಾವನ ಮುಖ ಸಣ್ಣಗಾಯಿತು. ನಮಗೇಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರೆ ಬಿಡ್ತಿದ್ರಾ? ಆಸ್ಪತ್ರೆಯಿಂದ ಬಂದ್ಮೇಲೆ ಒಂದು ಗುದ್ದಲೀನೂ ಮುಟ್ಟಕ್ಕೆ ಬಿಟ್ಟಿಲ್ಲ ನೀವು."

ನಾನು ಸ್ಪ್ರೇಯರಿನಲ್ಲಿದ್ದ ನೀರನ್ನು ಚೆಲ್ಲಿದೆ.

ಹಿಂದಿನ ದಿನಗಳಲ್ಲೇ ದಟ್ಟವಾಗಿ ಹೊಡೆದಿದ್ದ ಟ್ರೇಗಳಲ್ಲಿ ಎಲೆಯಂಚು ಕಂದು ತಿರುಗಿ ಸಸಿಗಳು ಸತ್ತುಹೋದವು. ತೆಳುವಾಗಿ ಹೊಡೆದವು ಮಾತ್ರ, ಏನೂ ಹೊಡೆಯದವುಗಳಿಗಿಂತ ಹಸಿರಾಗಿ ನಿಂತವು. ಮಾವ ನನ್ನನ್ನು ಕರೆದು ತೋರಿಸಿದರು. ಆ ಟ್ರೇಗಳ ಮೇಲೆ ಮಧ್ಯಾಹ್ನ ಬೇವಿನ ಮರದ ನೆರಳು ಬೀಳುವುದನ್ನು ನಾನು ನೋಡಿದ್ದೆ. ಹಸಿರು ಅದರಿಂದಲೂ ಇರಬಹುದು ಎಂದು ಹೇಳಿಯೂ ಬಿಟ್ಟೆ.

"ನಿಂಗೆ ಎಲ್ಲದ್ರ ಮೇಲೂ ಅನುಮಾನ" ಅಂದರು. ಕೋಪವಿರಲಿಲ್ಲ.

ಮುಂದಿನ ಸಸಿಗಳಿಗೆ ಮಾತ್ರೆ ಹಾಕಲಿಲ್ಲ. ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹೊತ್ತು ಹೆಚ್ಚಿಸುತ್ತಾ ಬಿಸಿಲಿಗೆ ಒಗ್ಗಿಸಿದೆವು. ಟ್ರೇ ಹೊರಗಿಡುವುದು, ಒಳಗೆ ತರುವುದು ಮಾವನ ಕೆಲಸವಾಯಿತು. ಡಾಕ್ಟರನ್ನು ಕೇಳಿದ ಮೇಲೆಯೇ ನಾನು ಒಪ್ಪಿದ್ದು.