ತಂತಿಯಿಲ್ಲದ ಮೂರನೇ ಲೈನು

ನಾನು ಎಸ್ಸೆಸ್ಸೆಲ್ಸಿ ಪಾಸಾಗುವ ಹೊತ್ತಿಗೆ ನನ್ನ ಓರಗೆಯವರ ಮಕ್ಕಳು ಶಾಲೆಗೆ ಹೋಗುತ್ತಿದ್ದರು. ಆಮೇಲೆ ಕಲಬುರಗಿಯಲ್ಲಿ ಆಫೀಸುಗಳ ಟೆಲಿಫೋನ್ ಪೆಟ್ಟಿಗೆ ಕೂಡಿಸುವ ಕೆಲಸ ಕಲಿತೆ. ಹೊರಗಿನ ಲೈನುಗಳೆಲ್ಲ ಪೆಟ್ಟಿಗೆಯೊಳಗಿನ ಒಂದು ಕಾರ್ಡಿಗೆ ಬಂದು ಸೇರುತ್ತವೆ. ಅದಕ್ಕೆ ಟ್ರಂಕ್ ಕಾರ್ಡ್ ಅನ್ನುತ್ತಾರೆ. ಯಾವ ಲೈನಿಗೆ ಕರೆ ಬಂದರೆ ಯಾರ ಮೇಜಿನ ಫೋನು ರಿಂಗಾಗಬೇಕೆಂದು ಅದಕ್ಕೆ ಹೇಳಿಕೊಡುವುದೇ ನನ್ನ ಕೆಲಸ. ತಂತಿಯೇ ಇಲ್ಲದ ಲೈನು ರಿಂಗಾಗುವುದಿಲ್ಲ ಎಂದು ನಂಬಿದ್ದೆ.

ಕಪನೂರಿನ ಒಂದು ಬೇಳೆ ಮಿಲ್ಲಿನ ಸಾವ್ಕಾರರು ಕರೆಸಿದರು. 'ಅಮಾಸಿ ಆದಾಗಿಂದ ಮೂರನೇ ಲೈನು ಹೊಡ್ಕೊಳ್ಳಾಕತ್ತದ. ಜಲ್ದಿ ಬರ್ರಿ.'

ಅಲ್ಲಿ ಪೆಟ್ಟಿಗೆ ಕೂಡಿಸಿದವನು ನಾನೇ. ಎರಡೇ ಲೈನು ಕೊಟ್ಟಿದ್ದೆ. ಮೂರನೆಯದು ಖಾಲಿ.

ಫೋನಿನ ಮುಂದೆ ಕುಳಿತಿದ್ದವಳು ದಿನಾ ಕಮಲಾಪುರದಿಂದ ಬಸ್ಸಿಗೆ ಬರುವ ಹೆಣ್ಣುಮಗಳು. ಮೊದಲು ಆ ಕುರ್ಚಿಯಲ್ಲಿ ಆಕೆಯ ಗಂಡ ಕೂಡುತ್ತಿದ್ದ. ಬೈಕಿನ ಮೇಲೆ ಊರಿಗೆ ಹೋಗುವಾಗ ಲಾರಿ ಬಡಿದು ತೀರಿಕೊಂಡ. ಸಾವ್ಕಾರರು ಕುರ್ಚಿಯನ್ನು ಆಕೆಗೆ ಕೊಟ್ಟರು. ಈಗ ಮೂರನೇ ಲೈನಿನಲ್ಲಿ ಸತ್ತವನೇ ಕರೆಯುತ್ತಾನೆಂದು ಹೆದರಿ ಹಮಾಲರು ಆಫೀಸಿನ ಹೊಸ್ತಿಲು ದಾಟುತ್ತಿರಲಿಲ್ಲ.

'ಟಿಕೀಟ ಒಂದ ತಗೀತಾಳ, ಬಸ್ಸ ಇಳಿಯೋರು ಇಬ್ರು' ಎಂದು ಒಬ್ಬ ಬಾಗಿಲ ಹೊರಗಿನಿಂದಲೇ ಅಂದ.

'ಹೌದಪಾ, ನಾಳಿಂದ ನಿನ್ನ ಹಾಜರಿ ನಮ್ಮ ಮನಿಯವರ ಹಾಕ್ತಾರ. ತಡಾ ಮಾಡಬ್ಯಾಡ' ಎಂದಳು ಆಕೆ. ಅವನ ನಗು ಅಲ್ಲೇ ನಿಂತಿತು.

ಊಟದ ಹೊತ್ತಿಗೆ ಮಿಲ್ಲು ನಿಂತಿತು. ಅಷ್ಟು ಸದ್ದು ಒಮ್ಮೆಗೇ ನಿಂತರೆ ನಮ್ಮ ಉಸಿರೇ ನಮಗೆ ದೊಡ್ಡದಾಗಿ ಕೇಳುತ್ತದೆ. ಆಗ ಫೋನು ರಿಂಗಾಯಿತು. ಅದರ ಮೇಲೆ ಮೂರನೇ ಲೈನಿನ ದೀಪ ಮಿಣುಕುತ್ತಿತ್ತು. ನಾನೇ ಎತ್ತಿದೆ. ದೂರದಲ್ಲಿ ಯಾರೋ ಮೊರದಲ್ಲಿ ಬೇಳೆ ಕೇರಿದಂಥ ಸದ್ದು. ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. 'ಹಲೋ' ಅಂದೆ. ನಿಂತಿತು.

ಪಕ್ಕದಲ್ಲಿ ನಿಂತಿದ್ದ ಸಾವ್ಕಾರರ ಮುಖ ಬಿಳಿಚಿತ್ತು. 'ಚಾದ ಹೊತ್ತಿಗೆ ಮತ್ತ ಮಿಲ್ಲ ನಿಲ್ತದ. ಆವಾಗೂ ಹಿಂಗಾದ್ರ, ತಂಗಿ, ನಾಳಿಂದ ನೀ ಬರಬ್ಯಾಡ. ನನಗ ಹಮಾಲರು ಬೇಕು' ಎಂದು ಹೊರಗೆ ಹೋದರು.

ಪೆಟ್ಟಿಗೆ ಬಿಚ್ಚಿದೆ. ಅಮಾವಾಸ್ಯೆಗೆ ಮಿಲ್ಲಿನ ಎಲ್ಲ ಯಂತ್ರಗಳಿಗೂ ಪೂಜೆ ಮಾಡುತ್ತಾರೆ. ಇದಕ್ಕೂ ವಿಭೂತಿ ಹಚ್ಚಿ, ತೆಂಗಿನಕಾಯಿ ನೀರು ಚಿಮುಕಿಸಿದ್ದರು. ವಿಭೂತಿ ಕಲೆತ ನೀರು ಮೂರನೇ ಲೈನಿನ ಜಾಗಕ್ಕೇ ಇಳಿದು ಹಸಿಯಾಗಿ ಕೂತಿತ್ತು. ದೊಡ್ಡ ಮೋಟಾರು ನಿಂತಾಗ ಕರೆಂಟು ಒಮ್ಮೆಗೇ ಜಿಗಿಯುತ್ತದೆ. ಹಸಿ ಕಾರ್ಡು ಅದನ್ನೇ ಕರೆ ಎಂದು ತಿಳಿಯುತ್ತದೆ. ಆಕೆಗೆ ಇದನ್ನೆಲ್ಲ ಹೇಳಿದೆ.

'ಹಂಗಾದ್ರ ಆ ಕಡೆ ಯಾರೂ ಇರ್ಲಿಲ್ಲೇನ್ರಿ, ಅಣ್ಣಾ?'

'ಯಾರೂ ಇಲ್ಲ, ತಂಗಿ.'

ಆಕೆ ಸೆರಗಿನಿಂದ ಫೋನು ಒರೆಸಿದಳು. 'ನಾ ದಿನಾ ಮಾತಾಡೀನ್ರಿ. ಮಗಳ ಸಾಲೀದು, ಬಾಳಿ ತ್ವಾಟಕ್ಕ ನೀರ ಬಿಟ್ಟದ್ದು, ಎಲ್ಲಾ ಹೇಳೀನಿ. ನನ್ನ ಮಾತ ಮುಗಿಯೋ ತನಕ ಒಂದಿನಾನೂ ಕಟ್ ಆಗಿಲ್ಲ.'

'ಕಾರ್ಡ ತಗದು ಬ್ಯಾರೆ ಹಾಕಲೇನು? ಮೂರನೇ ಲೈನು ಬಂದ್ ಮಾಡ್ತೀನಿ' ಎಂದೆ.

ಆಕೆ ಫೋನನ್ನು ಮೆಲ್ಲಗೆ ಅದರ ಜಾಗದಲ್ಲಿ ಇಟ್ಟಳು. 'ತಗೀರಿ. ನನಗ ಕುರ್ಚಿ ಬೇಕು.'

ಹೊಸ ಕಾರ್ಡು ಹಾಕಿ, ಎರಡು ಲೈನು ಮಾತ್ರ ಹೇಳಿಕೊಟ್ಟು, ಮೂರನೆಯದನ್ನು ಬಂದ್ ಮಾಡಿದೆ. ಚಹಾದ ಹೊತ್ತಿಗೆ ಸಾವ್ಕಾರರೂ ಹಮಾಲರೂ ಬಾಗಿಲಲ್ಲಿ ಬಂದು ನಿಂತರು. ಮಿಲ್ಲು ನಿಂತಿತು. ಫೋನು ಸುಮ್ಮನಿತ್ತು.

ಆಗ ನನ್ನ ಅಂಗೈಯಲ್ಲಿ ಏನೋ ಟಿಕ್ ಎಂದಿತು. ಹಳೆಯ ಕಾರ್ಡು. ಕರೆ ಬಂದಾಗ ಅದರೊಳಗಿನ ಸಣ್ಣ ಸ್ವಿಚ್ಚು ಬೀಳುವ ಸದ್ದು ಅದು. ಸ್ವಲ್ಪ ತಡೆದು ಮತ್ತೊಮ್ಮೆ, ಟಿಕ್. ಬಿಚ್ಚಿದ ಮೇಲೂ ಕಾರ್ಡಿನಲ್ಲಿ ಕೊಂಚ ಕರೆಂಟು ಉಳಿಯುವುದುಂಟು. ಇಷ್ಟು ಹೊತ್ತು ಉಳಿದದ್ದನ್ನು ನಾನು ಕಂಡಿಲ್ಲ.

'ಏನದು ಸಪ್ಪಳ?' ಎಂದರು ಸಾವ್ಕಾರರು.

ಆಕೆ ನನ್ನ ಕೈಯನ್ನೇ ನೋಡುತ್ತಿದ್ದಳು.

'ಏನಿಲ್ರಿ ಸಾವ್ಕಾರ್ರ, ಅಣ್ಣಾರ ಪಕ್ಕಡದ್ದು' ಎಂದಳು. ತಂತಿ ಹಿಡಿದು ಕತ್ತರಿಸುವ ನನ್ನ ಪಕ್ಕಡ ಮೇಜಿನ ಮೇಲೆ ಮಲಗಿತ್ತು. ಯಾರೂ ಅತ್ತ ನೋಡಲಿಲ್ಲ.

ಸಾವ್ಕಾರರು ನಗುತ್ತ ಹೊರಟರು. ಹಮಾಲರು ಒಬ್ಬೊಬ್ಬರಾಗಿ ಒಳಗೆ ಬಂದು ಚಹಾ ಕೇಳಿದರು. ಬಲಗೈಯಲ್ಲಿ ಚಹಾ ಸುರಿಯುತ್ತ, ನನ್ನ ಮುಖ ನೋಡದೆ, ಆಕೆ ಎಡಗೈ ಚಾಚಿದಳು. ಕಾರ್ಡು ಕೊಟ್ಟೆ. ಅದನ್ನು ಕರವಸ್ತ್ರದಲ್ಲಿ ಸುತ್ತಿ, ಬುತ್ತಿ ಚೀಲದೊಳಗೆ ಇಟ್ಟುಕೊಂಡು, ಎಲ್ಲರಿಗೂ ಚಹಾ ಕೊಟ್ಟಳು.