ಬಾಟಲಿಗೆ ನೀರು ತುಂಬಿದ ಅಳಿಯ

ಸ್ನೇಹಿತರೇ, ಇವತ್ತು ನಮ್ಮ ಹಾಸನದ ಲ್ಯಾಬಿಗೆ ಒಬ್ಬರು ತಮ್ಮ ಅತ್ತೆಯ ಗಂಟಿನ ಚೂರು ತಂದರು. ನಿನ್ನೆ ಅರಕಲಗೂಡಿನಲ್ಲಿ ಡಾಕ್ಟರು ಕತ್ತರಿಸಿ ಕೊಟ್ಟಿದ್ದು. ಕ್ಯಾನ್ಸರೋ ಅಲ್ಲವೋ ಎಂದು ನಾನು ಮೈಕ್ರೋಸ್ಕೋಪಿನಲ್ಲಿ ನೋಡಿ ಹೇಳಬೇಕು. ಬಾಟಲಿಯ ಮುಚ್ಚಳ ತೆಗೆದರೆ ಫಾರ್ಮಾಲಿನ್ ವಾಸನೆಯೇ ಇಲ್ಲ!

“ಅದು ಗಬ್ಬುನಾತ ಮೇಡಮ್ಮೋರೆ. ಬಸ್ಸಲ್ಲಿ ಬೈತಾರೆ ಅಂತ ರಾತ್ರೀನೇ ಚೆಲ್ಬುಟ್ಟು ನೀರು ತುಂಬ್ದೆ. ಕಾಯ್ಸಿ ಆರ್ಸಿದ್ ನೀರು!”

ಚೂರು ಕೊಳೆಯದಂತೆ ಕಾಯುವುದೇ ಆ ಫಾರ್ಮಾಲಿನ್. ಬರೀ ನೀರಿನಲ್ಲಿ ಜೀವಕೋಶಗಳು ಉಬ್ಬಿ ಒಡೆದುಹೋಗುತ್ತವೆ. ಇನ್ನು ನಾನು ನೋಡುವುದೇನು?

“ಮತ್ತೆ ಕತ್ತರಿಸಬೇಕಪ್ಪ,” ಎಂದೆ.

“ನೀವೇ ಫೋನ್ ಮಾಡಿ ಏಳ್ಬುಡಿ ಮೇಡಮ್ಮೋರೆ. ನಾನೇಳಿದ್ರೆ ನಮ್ಮತ್ತೆ ಮನೆಗೆ ಸೇರ್ಸಾಕಿಲ್ಲ.”

ಮಾಡಿದೆ. ಆಕೆ ಅಳಿಯನ ಬಗ್ಗೆ ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ನನಗಂತೂ ಒಂದೂ ಅತಿ ಅನ್ನಿಸಲಿಲ್ಲ.