ಬಸಪ್ಪ ಕಾಕಾ ಹಾಕಿದ ಗಂಟು

ಬೆಳಿಗ್ಗೆ ಎಂಟಕ್ಕೆ ಹಿರೇಕೆರೂರಿನಲ್ಲಿ ಹಾನಗಲ್ಲ ಬಸ್ಸು ಹತ್ತಿದೆ. ಆಧಾರ್ ಕಾರ್ಡು ನೋಡಿ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟ. ಹುಟ್ಟಿದೂರು ದುಂಡಸಿಗೆ ಹೋಗದೆ ಇಪ್ಪತ್ತು ವರ್ಷವಾಗಿತ್ತು. ಹಿಂದಿನ ದಿನ ಬಾಲ್ಯದ ಗೆಳತಿ ಗಂಗವ್ವ ಫೋನ್ ಮಾಡಿ, ನಮ್ಮಪ್ಪ ಹಾಸಿಗೆ ಹಿಡಿದಿದ್ದಾನೆ, ನಿನ್ನನ್ನು ಕೇಳುತ್ತಿದ್ದಾನೆ ಎಂದಿದ್ದಳು. ಯಾಕೆ ಕೇಳುತ್ತಾರೆ? ಗೊತ್ತಾಗಿಬಿಟ್ಟಿತೇ? ನಾನು ನರ್ಸು, ಸೂಜಿ ಕಂಡು ನಡುಗುವವರಿಗೆ ದಿನವಿಡೀ ಧೈರ್ಯ ಹೇಳುವವಳು. ಇವತ್ತು ನನಗೇ ಧೈರ್ಯ ಹೇಳುವವರಿರಲಿಲ್ಲ.

ಹಾನಗಲ್ಲಿನಲ್ಲಿ ತುಂತುರು ಮಳೆ. ಗಿರ್ಮಿಟ್ಟು, ಮಿರ್ಚಿ ತೆಗೆದುಕೊಂಡೆ, ಅರ್ಧ ತಿಂದು ಬಿಟ್ಟೆ. ಚಿಕ್ಕವರಿದ್ದಾಗ ನಮಗೆ ಬಾವಿಯಲ್ಲಿ ಈಜುವ ಹುಚ್ಚು. ಬೇಸಿಗೆ ಬಂತೆಂದರೆ ಹುಡುಗಿಯರಿಗೂ ಊಟದ ನೆನಪಿರುತ್ತಿರಲಿಲ್ಲ. ಗಂಗವ್ವನ ಅಪ್ಪ ಬಸಪ್ಪ ಕಾಕಾ ಊರ ಮಕ್ಕಳ ಸೊಂಟಕ್ಕೆಲ್ಲ ತೇಲುವ ಬೆಂಡು ಕಟ್ಟಿ ಈಜು ಕಲಿಸುತ್ತಿದ್ದರು. ಆ ನೀರು ನೆನೆದರೆ ಈಗಲೂ ಖುಷಿಯಾಗುತ್ತದೆ, ಸುಳ್ಳೇಕೆ ಹೇಳಲಿ.

ಆದರೆ ಹತ್ತನೆಯ ವಯಸ್ಸಿನಲ್ಲಿ, ಗಂಗವ್ವ ನನಗಿಂತ ಬೇಗ ಈಜು ಕಲಿಯುತ್ತಿದ್ದಾಳೆಂಬ ಹೊಟ್ಟೆಕಿಚ್ಚಿಗೆ, ಮೆಟ್ಟಿಲ ಮೇಲೆ ಅವಳ ಹಿಂದೆ ಕುಳಿತು ಮಾತಾಡುತ್ತಲೇ ಬೆಂಡಿನ ಗಂಟು ಸಡಿಲ ಮಾಡಿದೆ. ಅವಳು ಜಿಗಿದಳು, ಮುಳುಗಿದಳು. ಕಾಕಾ ಹಾರಿ ಎತ್ತಿ ತಂದು ಬದುಕಿಸಿದರು. ಸ್ವಂತ ಮಗಳ ಗಂಟನ್ನೇ ಸರಿಯಾಗಿ ಹಾಕಲಿಲ್ಲವೆಂದು ಊರೆಲ್ಲ ಅವರನ್ನು ಬೈಯಿತು. ಮರುದಿನದಿಂದ ಯಾರೂ ಮಕ್ಕಳನ್ನು ಅವರ ಬಳಿ ಕಳಿಸಲಿಲ್ಲ. ನಾನು ತುಟಿ ಬಿಚ್ಚಲಿಲ್ಲ.

ಶಿಗ್ಗಾಂವಿಯಲ್ಲಿ ದುಂಡಸಿ ಬಸ್ಸಿಗೆ ಒಂದು ತಾಸು ಕಾದೆ. ಪಕ್ಕದಲ್ಲೇ ಸವಣೂರಿನ ಬಸ್ಸು ನಿಂತಿತ್ತು. ಸವಣೂರಿನಲ್ಲಿ ನನಗೆ ಯಾರೂ ಇಲ್ಲ, ಯಾರ ಹೆದರಿಕೆಯೂ ಇಲ್ಲ. ನಾಚಿಕೆಗೇಡಿ ನಾನು, ಅದರ ಮೆಟ್ಟಿಲ ಮೇಲೆ ಕಾಲಿಟ್ಟೂಬಿಟ್ಟೆ. ಎಲ್ಲಿಗೆ ಹೋಗಬೇಕೆಂದು ಹೆಂಗಸೊಬ್ಬಳು ಕೇಳಿದಾಗ ಬಾಯಿ ತಾನಾಗಿ ದುಂಡಸಿ ಎಂದಿತು. ಪುಣ್ಯಾತ್ಗಿತ್ತಿ ತೋಳು ಹಿಡಿದು ಸರಿಯಾದ ಬಸ್ಸಿಗೆ ಹತ್ತಿಸಿದಳು.

ದಾರಿಯುದ್ದಕ್ಕೂ ಗೋವಿನಜೋಳದ ಹೊಲಗಳು. ಊರು ಕಂಡಾಗ ಕಣ್ಣು ತುಂಬಿತು. ಬಾವಿಗೆ ಕಬ್ಬಿಣದ ಜಾಳಿಗೆ ಹಾಕಿದ್ದರು.

ಗಂಗವ್ವನ ಮನೆಯಲ್ಲಿ ಕಾಕಾ ಹೊರಸಿನ ಮೇಲೆ ಮಲಗಿದ್ದರು. ಹತ್ತಿರ ಕೂರಿಸಿಕೊಂಡು, ಈಜು ಮರೆತಿಲ್ಲ ತಾನೇ ಎಂದು ನಕ್ಕರು. ಕೇಳಲಿಕ್ಕಿದ್ದದ್ದು ಅಷ್ಟೇ. ಎದ್ದು ಬರಬಹುದಿತ್ತು. ಹೋಗಲಿ ಬಿಡು ಎಂದು ಮನಸ್ಸು ಹೇಳುತ್ತಲೂ ಇತ್ತು.

“ಕಾಕಾ, ಅವತ್ತ ನಿಮ್ಮ ಗಂಟು ಜಾರಿರ್ಲಿಲ್ರಿ. ನಾನ ಬಿಚ್ಚಿದ್ದೆ.”

ಬೈಯುತ್ತಾರೆಂದುಕೊಂಡೆ.

“ಜಾರಿರ್ಲಿಲ್ಲಾ? ಖರೇನ?” ಎಂದರು. ಹೌದೆಂದು ತಲೆಯಾಡಿಸಿದೆ. ಮೊಣಕೈ ಊರಿ ಅರ್ಧ ಎದ್ದು ಒಳಗೆ ಕೂಗಿದರು. “ಗಂಗಾ, ಕೇಳಿಲ್ಲಿ. ನನ್ನ ಗಂಟು ಜಾರಿರ್ಲಿಲ್ಲಂತ.”

ಗಂಗವ್ವ ಚಹಾ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಎಲ್ಲ ಕೇಳಿದ್ದಳು. ಲೋಟ ನನ್ನ ಮುಂದಿಟ್ಟು ಒಳಗೆ ಹೋದಳು.

ಸಂಜೆ ಬಸ್ ನಿಲ್ದಾಣದವರೆಗೂ ಬಂದಳು. ಬಸ್ಸು ಬಂದು ನಿಂತಾಗ, ಬೇರೆಲ್ಲೋ ನೋಡುತ್ತ ಹೇಳಿದಳು. “ಊರಾಗಿನವ್ರು ಬಿಡು. ನಾನೂ ಅಪ್ಪನ್ನ ನಂಬ್ಲಿಲ್ಲ. ನನ್ನ ಮಕ್ಕಳನ್ನ ಒಂದಿನಾನೂ ಅವನ ಕೂಡ ನೀರಿಗೆ ಬಿಡ್ಲಿಲ್ಲ.”

ಹತ್ತಿ ಕುಳಿತೆ. ಬಸ್ಸು ತಿರುಗುವಾಗ ಹಿಂದಿನ ಗಾಜಿನಿಂದ ನೋಡಿದೆ. ಗಂಗವ್ವ ಈ ವಯಸ್ಸಿನಲ್ಲಿ, ಸೀರೆಯ ನೆರಿಗೆ ಎತ್ತಿ ಹಿಡಿದು, ಅಪ್ಪನಿದ್ದ ಮನೆಯ ಕಡೆ ಓಡುತ್ತಿದ್ದಳು.